ಪಲಾಯನ ಮೀಮಾಂಸೆ

ರಾಕ್ಷಸನ ಘೋರತ್ವ ಇರುವುದು ಹಲ್ಲಿನಲ್ಲೋ ಕಾಲಿನಲ್ಲೋ ಎಂಬುದು ನೆಲಮಾಳಿಗೆ ಆಟಗಳ ಪಂಡಿತವರ್ಗವನ್ನು ಎರಡು ಹೋಳು ಮಾಡಿರುವ ಪ್ರಶ್ನೆ. ಹಲ್ಲು ಎನ್ನುವವರು ದಂತವಾದಿಗಳು, ಕಾಲು ಎನ್ನುವವರು ಪಾದವಾದಿಗಳು. ಈ ಪ್ರಬಂಧಕಾರನು ಕಟ್ಟಾ ಪಾದವಾದಿ. ಊಟಕ್ಕೆ ಮೂರು ಸಲ ಕೂಗಿದರೂ ಕಂಪ್ಯೂಟರ್ ಬಿಟ್ಟು ಏಳದವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಉಳಿದವರು ಕೇಳಿ ಪುಣ್ಯ ಕಟ್ಟಿಕೊಳ್ಳಬಹುದು.

ಪ್ರಥಮ ಪ್ರಮಾಣ, 1987ರ ನೆಟ್‌ಹ್ಯಾಕ್. ಇಲ್ಲಿ ನಮ್ಮ ವೀರನೆಂದರೆ ಈಮೇಲ್ ವಿಳಾಸದ ನಡುವೆ ಕೂರುವ ಆ ಸುರುಳಿ ಚಿಹ್ನೆ. ಅವನ ವೇಗ 12. ಡ್ರ್ಯಾಗನ್ನಿನದು 9. ಸೈನಿಕ ಇರುವೆಯದು 18. ಡ್ರ್ಯಾಗನ್ ಎಷ್ಟೇ ಆರ್ಭಟಿಸಲಿ, ಓಡಿ ಮೂಲೆ ತಿರುಗಿದವನನ್ನು ಹಿಡಿಯುವುದು ಅದಕ್ಕೆ ಕಷ್ಟ. ಇರುವೆಯ ಲೆಕ್ಕವೇ ಬೇರೆ. ವೀರ ಎರಡು ಹೆಜ್ಜೆ ಇಡುವಷ್ಟರಲ್ಲಿ ಅದಕ್ಕೆ ಮೂರು ಸರದಿ. ಹೊಡೆಯುವ ಪ್ರತಿ ಸರದಿಗೂ ಒಮ್ಮೆ ಕಚ್ಚುವುದು, ಒಮ್ಮೆ ಕುಟುಕುವುದು. ಎರಡು ಸರದಿ ಬೆನ್ನಟ್ಟುವುದಕ್ಕೇ ಹೋದರೂ ಮೂರನೆಯದು ಉಳಿಯುತ್ತದೆ, ಓಡಿದವನಿಗೆ ಎರಡು ಹೆಜ್ಜೆಗೆ ಎರಡು ಏಟಿನ ಯೋಗ. ದಂತವಾದಿಗಳು ಡ್ರ್ಯಾಗನ್ನಿನ ಕೋರೆ ಅಳೆಯುತ್ತ ಕೂತಿರಲಿ, ಆಟ ಮುಗಿದಾಗ ಪರದೆಯಲ್ಲಿ ಮೂಡುವ ಗೋರಿಕಲ್ಲಿನ ಮೇಲೆ ಎಷ್ಟೋ ಸಲ ಇರುವೆಯ ಹೆಸರೇ ಇರುತ್ತದೆ.

ಇಲ್ಲೊಂದು ಆಕ್ಷೇಪ. ಅದೇ ಆಟದ ತೇಲುವ ಕಣ್ಣಿನ ವೇಗ ಬರೀ 1. ಅದು ತಾನಾಗಿ ಯಾರ ತಂಟೆಗೂ ಬರುವುದಿಲ್ಲ. ಆದರೂ ಅದು ಎಷ್ಟೊಂದು ಜನರನ್ನು ನುಂಗಿ ನೀರು ಕುಡಿದಿದೆಯಲ್ಲ, ಇದಕ್ಕೇನು ಹೇಳುತ್ತೀರಿ? ಸಮಾಧಾನ ಹೀಗಿದೆ: ಕಣ್ಣು ಬಿಟ್ಟುಕೊಂಡು ಹತ್ತಿರ ಹೋಗಿ ಅದಕ್ಕೆ ಬಡಿದವನು ನಿಂತಲ್ಲೇ ಮರಗಟ್ಟುತ್ತಾನೆ. ಆಮೇಲೆ ಬರುವ ಯಃಕಶ್ಚಿತ್ ಹುಳುವೂ ಅವನನ್ನು ಸಾವಕಾಶವಾಗಿ ತಿಂದು ಮುಗಿಸಬಹುದು. ಕಣ್ಣಿಗೆ ಹಲ್ಲೂ ಇಲ್ಲ, ಕಾಲೂ ಇಲ್ಲ. ಅದು ಕಿತ್ತುಕೊಂಡದ್ದು ನಮ್ಮ ಕಾಲನ್ನು. ಪಾದವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಸಾಲದೆಂದರೆ ಗ್ರಿಡ್ ಬಗ್ ಎಂಬ ಕ್ಷುದ್ರಜೀವಿಯನ್ನು ನೋಡಿ. ವೇಗದಲ್ಲಿ ವೀರನಿಗೆ ಸಮ, ಆದರೆ ಓರೆಯಾಗಿ ನಡೆಯಲಾರದು, ಓರೆಯಲ್ಲಿ ನಿಂತವನನ್ನು ಕಚ್ಚಲೂ ಆರದು.

ಇಬ್ಬರ ವೇಗವೂ ಒಂದೇ ಆಗಿ, ನಡುವೆ ಒಂದು ಕಂಬವೂ ಇದ್ದರೆ? ಇದೇ ಕಂಬಪ್ರದಕ್ಷಿಣ ನ್ಯಾಯ. ವೀರ ಮುಂದೆ, ರಾಕ್ಷಸ ಹಿಂದೆ, ಪ್ರದಕ್ಷಿಣೆಗೆ ಕೊನೆಯಿಲ್ಲ. ಸುತ್ತುತ್ತ ಸುತ್ತುತ್ತ ವೀರನ ಗಾಯವೂ ಮಾಯುತ್ತದೆ. ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ವಿದ್ಯಾರ್ಥಿಗಳು 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ರೋಗ್ ಆಟದಲ್ಲೇ ಇದಕ್ಕೆ ಮದ್ದಿದೆ: ಹಸಿವು. ರಾಕ್ಷಸನ ಓಟ ಹೆಚ್ಚಿಸಬೇಕಿಲ್ಲ, ವೀರನ ಹೊಟ್ಟೆ ತಾಳ ಹಾಕಿದರೆ ಸಾಕು.

ಇನ್ನು ನೃತ್ಯಪ್ರಕರಣ. 1987ರಲ್ಲೇ ಅಟಾರಿ ಎಸ್‌ಟಿಗೆ ಬಂದ ಡಂಜನ್ ಮಾಸ್ಟರ್‌ನಲ್ಲಿ ಸರದಿ ಗಿರದಿ ಇಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ. ಸ್ಕೂಟರ್ ಏರಿದ ಸಂಸಾರದ ಹಾಗೆ ನಾಲ್ವರು ವೀರರು ಒಂದೇ ಚೌಕದಲ್ಲಿ. ಹೊಡೆ, ಪಕ್ಕಕ್ಕೆ ಸರಿ. ರಾಕ್ಷಸ ಇತ್ತ ತಿರುಗುವಷ್ಟರಲ್ಲಿ ಇನ್ನೊಂದು ಬಿಗಿ, ಮತ್ತೆ ಸರಿ. ಅಂಗಳದಂಥ ಜಾಗವಿದ್ದರೆ ಎಂಥ ದೈತ್ಯನೂ ಗಿರಗಿಟ್ಟಲೆ. ಅದೇ ದೈತ್ಯ ಓಣಿಯಲ್ಲಿ ಎದುರಾದರೆ ನಾಲ್ವರ ತಿಥಿಯೂ ಒಟ್ಟಿಗೆ. ಅವನ ಹಲ್ಲು ಒಂದಿಂಚೂ ಬೆಳೆದಿಲ್ಲ, ಗೋಡೆ ಹತ್ತಿರ ಬಂದಿದೆ ಅಷ್ಟೆ. 2012ರಲ್ಲಿ ಫಿನ್ಲೆಂಡಿನವರು ಲೆಜೆಂಡ್ ಆಫ್ ಗ್ರಿಮ್‌ರಾಕ್ ಮಾಡಿ ಇದೇ ಕುಣಿತಕ್ಕೆ ಹೊಸದಾಗಿ ಚೌಕ ಹಾಸಿಕೊಟ್ಟರು.

ಕುಣಿಯಲು ಬಾರದವರಿಗೂ ಡಂಜನ್ ಮಾಸ್ಟರ್‌ನಲ್ಲಿ ಗತಿಯಿದೆ. ಬಾಗಿಲ ಅಡಿಗೆ ರಾಕ್ಷಸ ಬರುವ ಹಾಗೆ ಹಿಂದೆ ಸರಿದು ಗುಂಡಿ ಒತ್ತಿದರೆ ಬಾಗಿಲು ಇಳಿದು ಅವನ ನೆತ್ತಿಗೆ ಕುಟ್ಟುತ್ತದೆ. ಮತ್ತೆ ಏರುತ್ತದೆ, ಮತ್ತೆ ಕುಟ್ಟುತ್ತದೆ. ಇದು ಅಧರ್ಮಯುದ್ಧವೆಂದು ದಂತವಾದಿಗಳ ಗೋಳು. ಈ ಆಟದಲ್ಲಿ ಕತ್ತಿ ಬೀಸಿದವನು ಕತ್ತಿಯಲ್ಲಿ ಪಳಗುತ್ತಾನೆ, ಮಂತ್ರ ಹೇಳಿದವನು ಮಂತ್ರದಲ್ಲಿ ಬಡ್ತಿ ಪಡೆಯುತ್ತಾನೆ. ಇಷ್ಟು ಕುಟ್ಟಿಯೂ ನೇಮಕವಾದ ಹುದ್ದೆಯಲ್ಲೇ ಉಳಿದಿರುವುದು ಬಾಗಿಲೊಂದೇ.