ಲೈನ್ ಬಂತಾ ಮಾರಾಯ್ರೇ?

ತೋಡಾರಿನ ಯಾವುದಾದರೂ ಅಂಗಡಿಯ ಜಗಲಿಯಲ್ಲಿ ನಿಂತು ‘ಲೈನ್ ಬಂತಾ?’ ಎಂದು ಕೇಳಿ ನೋಡಿ. ನಾಲ್ಕು ಜನ ಇದ್ದರೆ ನಾಲ್ಕು ಉತ್ತರ ಸಿಗುತ್ತದೆ, ನಾಲ್ಕೂ ಸರಿಯೇ. ಅಂಗಡಿಯವರು ‘ಬೆಳಿಗ್ಗೆಯೇ ಬಂದು ಹೋಯ್ತು, ಬಿಸ್ಕಿಟ್ ಮಾತ್ರ ಹಾಕಿದ, ಸೋಪು ನಾಳೆ ಅಂತೆ’ ಎನ್ನುತ್ತಾರೆ. ಅವರದು ಲೈನ್‌ಸೇಲಿನ ವ್ಯಾನು. ಬೀಡಿ ಕಟ್ಟು ಹಿಡಿದು ಬ್ರಾಂಚಿಗೆ ಹೊರಟ ಅಕ್ಕ ‘ಈಗಷ್ಟೇ ಹೋಯ್ತಲ್ಲ, ಕೈ ಹಿಡಿದರೂ ನಿಲ್ಲಿಸ್ಲಿಲ್ಲ’ ಎನ್ನುತ್ತಾಳೆ. ಅವಳದು ಬಸ್ಸು. ಅಕ್ಕಿ ಹುಡಿ ಮಾಡಿಸಲು ಬಂದವರು ‘ನಿನ್ನೆ ರಾತ್ರಿ ಗುಡುಗಿಗೆ ಹೋದದ್ದು, ಪತ್ತೆಯೇ ಇಲ್ಲ’ ಎನ್ನುತ್ತಾರೆ. ಅವರದು ಕರೆಂಟು. ಮೂಲೆಯಲ್ಲಿ ಮೊಬೈಲು ಒತ್ತುತ್ತಿದ್ದ ಹುಡುಗ ಮಾತ್ರ ಉತ್ತರ ಕೊಡದೆ ಕೆಂಪಾಗುತ್ತಾನೆ. ಅವನದು ಬೇರೆಯೇ ಲೈನು. ಅದು ತಾನಾಗಿ ಬರುವುದಲ್ಲ, ಹಾಕುವುದು.

ಮಿಜಾರಿಗೂ ಮೂಡುಬಿದಿರೆಗೂ ನಡುವಿನ ಈ ಊರಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಓಡಾಡುತ್ತವೆ. ಮನೆಗೊಂದು ಭಾಷೆ, ಪೇಟೆಗೊಂದು, ಅರ್ಜಿಗೊಂದು. ಈ ನಾಲ್ಕೂ ತಕರಾರಿಲ್ಲದೆ ಒಪ್ಪಿಕೊಂಡ ಶಬ್ದ ಲೈನ್. ಲ್ಯಾಟಿನ್ನಿನಲ್ಲಿ ಅದರ ಮೂಲ ಅಗಸೆ ನಾರಿನ ನೂಲು, ಲಿನನ್ ಬಟ್ಟೆಯ ದಾಯಾದಿ. ಆ ನೂಲು ಕಡಲು ದಾಟಿ ತೋಡಾರು ಮುಟ್ಟುವಷ್ಟರಲ್ಲಿ ಹಗ್ಗವಾಗಿದೆ, ಯಾರು ಏನನ್ನು ಬೇಕಾದರೂ ಕಟ್ಟಬಹುದು. ಆಕ್ಸ್‌ಫರ್ಡ್ ನಿಘಂಟಿನವರು ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ 645 ಅರ್ಥ ಎಣಿಸಿದ್ದಾರೆ. ಎಣಿಸಲಿ, ಪಾಪ, ಅವರು ಈ ಕಡೆ ಬಂದವರಲ್ಲ. ಮ್ಯಾನರ್ ಪಾದ್ರಿಯ ತುಳು ನಿಘಂಟು 1886ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಇಲ್ಲೇ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದವು. ಆಗಿನ್ನೂ ನಮ್ಮಲ್ಲಿ ಲೈನ್ ಎಳೆದಿರಲಿಲ್ಲ. ಇಬ್ಬರೂ ಬದುಕಿಕೊಂಡರು.

ನಮ್ಮಲ್ಲಿ ಶಬ್ದಕ್ಕೆ ಬರಗಾಲ ಬಂದು ಹೀಗಾದದ್ದಲ್ಲ. ಗೆರೆ ಉಂಟು, ಗೀಟು ಉಂಟು, ಸಾಲು, ಹಂತಿ ಎಲ್ಲ ಉಂಟು. ಆದರೆ ಸಾಲು ಎಂದೊಡನೆ ಸೊಸೈಟಿಯ ಸಾಲ ನೆನಪಾಗುತ್ತದೆ. ಹಂತಿ ಎಂದರೆ ಯಾರ ಹಂತಿಯಲ್ಲಿ ಯಾರು ಕೂರಬಾರದಿತ್ತು ಎಂಬುದು ನೆನಪಾಗುತ್ತದೆ. ಮದುವೆ ಹಾಲಿನ ಬಫೆ ಲೈನಿಗೆ ಅಂಥ ಹಳೇ ನೆನಪುಗಳ ಕಾಟವಿಲ್ಲ. ಅಲ್ಲಿ ಎಲ್ಲ ಜಾತಿಯವರೂ ಸರಿಸಮಾನವಾಗಿ ನೂಕಬಹುದು.

ಇಷ್ಟು ಕೆಲಸ ಮಾಡುವ ಶಬ್ದವನ್ನು ಸರ್ಕಾರ ಒಂದು ಕಡೆ ಮಾತ್ರ ಕೆಲಸದಿಂದ ತೆಗೆದಿದೆ. ಕಂಬ ಹತ್ತುವವರು ಈಗ ಕಾಗದದ ಮೇಲೆ ಲೈನ್‌ಮ್ಯಾನ್ ಅಲ್ಲ, ಪವರ್‌ಮ್ಯಾನ್. ಆಷಾಢದ ಮಳೆಯಲ್ಲಿ ರಬ್ಬರ್ ಚಪ್ಪಲಿ ಕೆಳಗೆ ಬಿಟ್ಟು, ತಂತಿಗೆ ಬಿದ್ದ ಮಡಲು ಬಿಡಿಸುವ ಮನುಷ್ಯನ ಹುದ್ದೆಗೆ ಪವರ್ ಬಂತು. ನಿಜವಾದ ಪವರು ಮಾತ್ರ ಕಚೇರಿಯ ಫ್ಯಾನಿನ ಕೆಳಗೇ ಕೂತಿದೆ, ಮಳೆಗೆ ಹೊರಬರುವ ಅಭ್ಯಾಸ ಅದಕ್ಕಿಲ್ಲ. ಊರಿನವರು ಈ ಬಡ್ತಿಯನ್ನು ಗಣನೆಗೇ ತೆಗೆದುಕೊಂಡಿಲ್ಲ. ‘ಲೈನ್‌ಮ್ಯಾನ್ ಬಂದ್ರಾ’ ಎಂದೇ ಕೇಳುತ್ತಾರೆ. ಪವರ್ ಬಂತಾ ಎಂದು ಕೇಳಿದರೆ ಚುನಾವಣೆಯ ಮಾತು ಶುರುವಾಗುತ್ತದೆ ಎಂಬ ಹೆದರಿಕೆಯೂ ಇರಬಹುದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಆ ಕಂಬಗಳು ಇವತ್ತಿಗೂ ಕದಲಿಲ್ಲ. ಕಳೆದ ವರ್ಷ ನಮ್ಮ ಗದ್ದೆಯ ಹುಣಿಯಲ್ಲಿ ನೆಟ್ಟ ಒಂದು ಕಂಬ ಮೊದಲ ಗಾಳಿಗೇ ಸಾಷ್ಟಾಂಗ ಬಿತ್ತು. ಅದರ ಸುದ್ದಿ ಮುಟ್ಟಿಸಲು ಸಹಾಯವಾಣಿಗೆ ಫೋನು ಮಾಡಿದರೆ ಮಧುರ ಕಂಠವೊಂದು ‘ದಯವಿಟ್ಟು ಲೈನ್‌ನಲ್ಲೇ ಇರಿ’ ಎಂದಿತು. ಲೈನ್ ಇಲ್ಲ ಎಂದು ಹೇಳುವುದಕ್ಕೆ ಇಪ್ಪತ್ತು ನಿಮಿಷ ಲೈನಿನಲ್ಲಿದ್ದೆ. ಮೊಬೈಲಿನ ಚಾರ್ಜು ಮುಗಿದು ಆ ಲೈನೂ ಹೋಯಿತು.

ಮನೆಗೆ ಬರುವ ಲೈನು ಇಷ್ಟು ನಾಚಿಕೆಯದ್ದಾದರೆ ತೋಟದ ಮೇಲೆ ಬರುವ ಲೈನಿನ ಗತ್ತೇ ಬೇರೆ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ವಿದ್ಯುತ್ ಲೈನು ಬೇಡವೇ ಬೇಡ ಎಂದು ಮೂಡುಬಿದಿರೆ, ಬಂಟ್ವಾಳದ ಕೃಷಿಕರು ಬೀದಿಗಿಳಿದರು. ಅಂಥ ಲೈನಿಗೆ 46 ಮೀಟರ್ ಅಗಲದ ದಾರಿ ಬೇಕು. ಆ ದಾರಿಯಲ್ಲಿ ಅಡಿಕೆ, ತೆಂಗು ತಲೆ ಎತ್ತುವಂತಿಲ್ಲ. ಆ ತಂತಿಯಿಂದ ಕೆಳಗಿನ ಮನೆಯ ಒಂದು ಬಲ್ಬೂ ಉರಿಯುವುದಿಲ್ಲ. ನಮ್ಮ ಲೈನು ಬಾ ಎಂದರೂ ಬರುವುದಿಲ್ಲ, ಅವರ ಲೈನು ಹೋಗು ಎಂದರೂ ಹೋಗುವುದಿಲ್ಲ. ಎರಡಕ್ಕೂ ಹೆಸರು ಒಂದೇ.

ಕನ್ನಡದಲ್ಲಿ ಶಬ್ದದ ಹಿಂದೆ ‘ಅ’ ಬಂದು ಕೂತರೆ ಅರ್ಥ ಮಗುಚಿ ಬೀಳುತ್ತದೆ. ಶಾಂತಿ ಅಶಾಂತಿ, ಧರ್ಮ ಅಧರ್ಮ. ಲೈನಿಗೂ ಅದೇ ವ್ಯಾಕರಣ: ಅಲೈನ್‌ಮೆಂಟ್. ನಮ್ಮೂರಿನ ಹೆದ್ದಾರಿ ಮೊದಲು 13 ಆಗಿತ್ತು, ಆಮೇಲೆ 169 ಆಯಿತು, ಆಮೇಲೆ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ 45 ಕಿಲೋಮೀಟರ್ ಚತುಷ್ಪಥ ಎಂದಾಯಿತು. ನಕ್ಷೆಯಲ್ಲಿ ಪೆನ್ಸಿಲಿನ ಗೀಟು ಕೂದಲೆಳೆ ಸರಿದರೆ ಕೆಳಗೆ ಒಬ್ಬರ ಬಾವಿ ರಸ್ತೆಗೆ, ಇನ್ನೊಬ್ಬರ ಕಂಪೌಂಡು ಚರಂಡಿಗೆ. ಜಾಗ ಕೊಟ್ಟವರು ಪರಿಹಾರಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದರು. ಅಲ್ಲಿಯೂ ಲೈನು ಇತ್ತು.

ರಾತ್ರಿಯ ಲೈನು ಇನ್ನೊಂದು. ಹೊಳೆ ಬದಿಯಲ್ಲಿ ಟಿಪ್ಪರ್ ತುಂಬಿಸಿ ನಿಂತವನು ಫೋನಿನಲ್ಲಿ ಎರಡೇ ಶಬ್ದ ಕೇಳುತ್ತಾನೆ: ‘ಲೈನ್ ಕ್ಲಿಯರಾ?’ ರೈಲು ಹಳಿಯೇ ಇಲ್ಲದ ಮೂಡುಬಿದಿರೆಯಲ್ಲಿ ರೈಲ್ವೆಯವರ ಈ ಮಾತು ಹೇಗೆ ಬಂತು ಎಂದು ಭಾಷಾವಿಜ್ಞಾನಿಗಳು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಸಿರು ಬಾವುಟ ತೋರಿಸುವವರು ಎಲ್ಲ ಕಡೆ ಇರುತ್ತಾರೆ, ಸಮವಸ್ತ್ರದ ಬಣ್ಣ ಮಾತ್ರ ಬೇರೆ.

ಇಷ್ಟೆಲ್ಲ ಲೈನುಗಳಲ್ಲಿ ಯಾರೂ ದಾಟಲು ಒಪ್ಪದ ಲೈನು ಒಂದು ಉಂಟು, ಬಡತನದ್ದು. ವರ್ಷಕ್ಕೆ 1.20 ಲಕ್ಷಕ್ಕಿಂತ ಹೆಚ್ಚು ಆದಾಯ ಇದ್ದರೆ ಬಿಪಿಎಲ್ ಕಾರ್ಡ್ ಇಲ್ಲ, ಸ್ವಂತಕ್ಕೆ ಬಿಳಿ ಬೋರ್ಡಿನ ಕಾರು ಇದ್ದರೂ ಇಲ್ಲ. ಆದ್ದರಿಂದ ಕೆಲವು ಬಡವರು ಕಾರನ್ನು ಗೇರುಮರದ ಮರೆಯಲ್ಲಿ ನಿಲ್ಲಿಸಿ, ಸೊಸೈಟಿಯವರೆಗೆ ನಡೆದು ಬಂದು, ಚೀಲ ಹಿಡಿದು ನಿಲ್ಲುತ್ತಾರೆ. ಹಿಂದೆ ನಿಂತ ಬೀಡಿ ಕಟ್ಟುವ ಅಕ್ಕನ ಬೆರಳಚ್ಚು ಸವೆದು ಯಂತ್ರಕ್ಕೆ ಸಿಗುವುದಿಲ್ಲ. ‘ನಾಳೆ ಬನ್ನಿ’ ಎಂದರೆ ಅವಳು ನಾಳೆಯೂ ಬರುತ್ತಾಳೆ.

ಕಂಬಳದವರು ಒಬ್ಬರೇ ಸ್ವಲ್ಪ ಸ್ವಾಭಿಮಾನಿಗಳು. ಕೋಣ ಬಿಡುವ ಕಡೆಗೆ ಗಂತು, ಮುಟ್ಟುವ ಕಡೆಗೆ ಮಂಜೊಟ್ಟಿ ಎನ್ನುತ್ತಾರೆ. ಸ್ಟಾರ್ಟಿಂಗ್ ಲೈನು, ಫಿನಿಶಿಂಗ್ ಲೈನು ಇಲ್ಲದೆಯೂ ಕೋಣಗಳು ಓಡಿವೆ. ಈಗ ಅಲ್ಲಿಗೂ ಲೇಸರ್ ಲೈನು ಬಂದಿದೆ. ಕೋಣಗಳ ಅಭಿಪ್ರಾಯ ಯಾರೂ ಕೇಳಿಲ್ಲ.

ಅಂದ ಹಾಗೆ, ಆ ಬಿದ್ದ ಕಂಬಕ್ಕೆ ಮೂರನೇ ದಿನ ಜನ ಬಂದರು. ಹೊಸ ಕಂಬ ನಿಲ್ಲಿಸಿ, ತಂತಿ ಬಿಗಿದು, ಬೆವರೊರೆಸಿಕೊಳ್ಳುತ್ತಾ ಇಳಿದವರಿಗೆ ಬೆಲ್ಲ ನೀರು ಕೊಟ್ಟು ಕೇಳಿದೆ:

‘ಲೈನ್ ಸರಿ ಆಯ್ತಾ ಅಣ್ಣ?’

‘ಲೈನ್ ಫಸ್ಟ್ ಕ್ಲಾಸ್ ಉಂಟು ಮಾರಾಯ್ರೇ. ಕರೆಂಟ್ ಇಲ್ಲ ಅಷ್ಟೇ.’