ಒಪ್ಪಿಗೆ ಪತ್ರದ ಪಾಠಾಂತರಗಳು: ನಲ್ಲೂರು ಸೀಮೆಯ ಚಿಣ್ಣರನ್ನು ಒಂದು ರಾತ್ರಿಯ ಸಾಹಸ ಶಿಬಿರಕ್ಕೆ ಸಿದ್ಧಗೊಳಿಸುವ ಶಾಸ್ತ್ರ

ಬೆಂಜಮಿನ್ ಲೂಯಿ ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ ಹೊರತಂದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಅದರಲ್ಲಿ ಅಚ್ಚು ಹಾಕಿಸಿದರು. ಆಗ ಇವು ಶಿವಮೊಗ್ಗ ಜಿಲ್ಲೆಯವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಾಸನಗಳ ಸಮೇತ ಈಚೆ ಬಂದವು. ಸಾಹೇಬರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೂ ನಲ್ಲೂರು ಸೀಮೆಯ ಲಿಖಿತ ಪರಂಪರೆಯ ಅತ್ಯಂತ ಜಟಿಲ ಪ್ರಕಾರವೊಂದು ಅವರಿಗೆ ದಕ್ಕಲಿಲ್ಲ. ನೋಟ್‌ಬುಕ್ಕಿನ ನಡುವಿನ ಹಾಳೆಯನ್ನು ಪಿನ್ನು ಬಿಚ್ಚಿ ತೆಗೆದು, ನೀಲಿ ಪೆನ್ನಿನಲ್ಲಿ ಬರೆದು, ಶುಕ್ರವಾರದ ಪ್ರಾರ್ಥನೆಯ ಹೊತ್ತಿಗೆ ಕ್ಲಾಸ್ ಟೀಚರ ಕೈಗೆ ಮುಟ್ಟಿಸುವ ಒಪ್ಪಿಗೆ ಪತ್ರ ಅದು. ಈ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನವೇ ಪ್ರಸ್ತುತ ಪ್ರಬಂಧ.

ಸಮಸ್ಯೆ ಇಷ್ಟೇ. ನಾಲ್ಕು, ಐದನೇ ಕ್ಲಾಸಿನ ಮಕ್ಕಳನ್ನು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಗಾಡಿ ಹತ್ತಿಸಬೇಕು, ಒಂದು ರಾತ್ರಿ ಡೇರೆಯಲ್ಲಿ ಮಲಗಿಸಬೇಕು, ಭಾನುವಾರ ಸಂಜೆ ಎಣಿಸಿದರೆ ಹೋದಷ್ಟೇ ತಲೆ ವಾಪಸು ಬಂದಿರಬೇಕು. ಇದಕ್ಕೆ ಏನೇನು ಪೂರ್ವಸಿದ್ಧತೆ ಬೇಕು?

ಪೂರ್ವಸಿದ್ಧತೆಯಿಲ್ಲದ ಹೊರಾಂಗಣ ಸಾಹಸದ ಗತಿ ಏನೆಂದು ತಿಳಿಯಲು ನಾವು ಚನ್ನಗಿರಿ ತಾಲ್ಲೂಕಿನ ಗಡಿ ದಾಟಬೇಕಿಲ್ಲ. ಶಿವಾಜಿಯ ತಂದೆ ಷಹಾಜಿ ರಾಜರು 1664ರಲ್ಲಿ ನಮ್ಮದೇ ಹೊದಿಗೆರೆಯಲ್ಲಿ ಬೇಟೆಗೆ ಹೋಗಿ, ಕುದುರೆಯಿಂದ ಬಿದ್ದು ತೀರಿಕೊಂಡರು. ಸಮಾಧಿ ಈಗಲೂ ಅಲ್ಲಿದೆ. ಪೋಷಕರ ಸಭೆಯಲ್ಲಿ ಯಾರಾದರೊಬ್ಬರು ಈ ದೃಷ್ಟಾಂತವನ್ನು ಎತ್ತದೆ ಬಿಡುವುದಿಲ್ಲ. ಶಿಬಿರದ ಪಟ್ಟಿಯಲ್ಲಿ ಕುದುರೆಯೇ ಇಲ್ಲ ಎಂಬ ಸಮಾಧಾನ ಅಂಥವರ ಮುಂದೆ ನಡೆಯುವುದಿಲ್ಲ. ಕುದುರೆ ಇಲ್ಲದಿದ್ದರೆ ಬೀಳಲು ಮರವಿದೆ, ಬಂಡೆಯಿದೆ, ಏನೂ ಇಲ್ಲದಿದ್ದರೆ ಗಾಡಿಯ ಫುಟ್‌ಬೋರ್ಡಾದರೂ ಇದೆ ಎಂಬುದು ಅವರ ವಾದ.

ಪಾಶ್ಚಾತ್ಯ ಪರಂಪರೆಯನ್ನು ಚುಟುಕಾಗಿ ಮುಗಿಸೋಣ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಚಿಲ್ಲರೆ ಹುಡುಗರನ್ನು ಕರೆದೊಯ್ದು ಡೇರೆ ಹೊಡೆಸಿದ. ಚಿಲ್ಲರೆ ಎಷ್ಟು ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ, ಅಂದರೆ ತಲೆ ಎಣಿಸುವ ಸಮಸ್ಯೆ ಶಿಬಿರದಷ್ಟೇ ಹಳೆಯದು. ಎರಡೇ ವರ್ಷಕ್ಕೆ, 1909ರಲ್ಲಿ, ಸ್ಕೌಟಿಂಗ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯನ್ನು ಮುಟ್ಟಿತು. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಅದರಲ್ಲಿ ಐದರಿಂದ ಹತ್ತು ವರ್ಷದ ಹುಡುಗರು ಕಬ್‌ಗಳು, ಹುಡುಗಿಯರು ಬುಲ್‌ಬುಲ್‌ಗಳು. ನಮ್ಮ ಜಿಲ್ಲೆಗೆ ಈ ಪರಂಪರೆಯ ಪೀಠವೆಂದರೆ ಹರಿಹರ ತಾಲ್ಲೂಕಿನ ಕೊಂಡಜ್ಜಿ. ಅಲ್ಲಿ ಕೆರೆಯಿದೆ, ಗುಡ್ಡವಿದೆ, ಕೊಂಡಜ್ಜಿ ಬಸಪ್ಪನವರ ಹೆಸರಿನ ಸ್ಕೌಟ್ಸ್ ತರಬೇತಿ ಕೇಂದ್ರವಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಒಮ್ಮೊಮ್ಮೆ ಚರ್ಚೆಗೆ ಬರುವುದುಂಟು. ಅದು 2011ರಲ್ಲಿ ಕೊಂಡುಕುರಿಗಾಗಿ ಘೋಷಿಸಿದ ವನ್ಯಧಾಮ. ಆದರೆ ನಲವತ್ತು ಮಕ್ಕಳು ಒಟ್ಟಿಗೆ ಪಿಸುಗುಟ್ಟುತ್ತ ಹೋದಲ್ಲಿ ಯಾವ ಕೊಂಡುಕುರಿಯೂ ನಿಲ್ಲುವುದಿಲ್ಲ ಎಂದು ವಿಷಯವನ್ನು ಅಲ್ಲಿಗೇ ಕೈಬಿಡುತ್ತಾರೆ.

ಈಗ ಗ್ರಂಥಸಂಪಾದನೆಗೆ ಬರೋಣ.

ಒಪ್ಪಿಗೆ ಪತ್ರಗಳಲ್ಲಿ ಮುಖ್ಯವಾಗಿ ಮೂರು ಪ್ರತಿಗಳು ದೊರೆಯುತ್ತವೆ. 'ಕ' ಪ್ರತಿ ಶಾಲೆಯೇ ಜೆರಾಕ್ಸ್ ಮಾಡಿಸಿ ಹಂಚಿದ್ದು. ಇದರ ರಚನೆ ನಮ್ಮ ದಾನಶಾಸನಗಳದ್ದೇ. ಮೊದಲಿಗೆ ದಿನಾಂಕ, ಆಮೇಲೆ ದಾನಿಯ ಹೆಸರು, ಆಮೇಲೆ ದತ್ತವಸ್ತುವಿನ ವಿವರ ('ನನ್ನ ಮಗ/ಮಗಳು, ರೋಲ್ ನಂಬರ್, ರಕ್ತದ ಗುಂಪು'), ಕೊನೆಗೆ ಶಾಪಾಶಯ. ಹಳೆಯ ಶಾಸನಗಳಲ್ಲಿ ದಾನವನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುತ್ತಿತ್ತು. 'ಕ' ಪ್ರತಿಯಲ್ಲಿ ಅದೇ ಜಾಗದಲ್ಲಿ 'ಯಾವುದೇ ಅನಾಹುತಕ್ಕೆ ಶಾಲೆಯವರು ಜವಾಬ್ದಾರರಲ್ಲ' ಎಂದಿದೆ. ಪಾಪವನ್ನು ವಾರಣಾಸಿಯಿಂದ ನಲ್ಲೂರಿಗೆ ವರ್ಗಾಯಿಸಿರುವುದು ಬಿಟ್ಟರೆ ಆಶಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು.

'ಖ' ಪ್ರತಿ ತಂದೆಯ ಹಸ್ತಾಕ್ಷರದ್ದು. ಮೊದಲ ಸಾಲು 'ಕ' ಪ್ರತಿಯನ್ನೇ ಅನುಸರಿಸುತ್ತದೆ. ಎರಡನೇ ಸಾಲಿನಿಂದ ಶೈಲಿ ಥಟ್ಟನೆ ಬದಲಾಗುತ್ತದೆ: 'ನೀರಿನ ಹತ್ತಿರ ಬಿಡಬಾರದು. ಐಸ್‌ಕ್ರೀಮ್ ಕೊಡಿಸಬಾರದು. ರಾತ್ರಿ ಹೊದಿಕೆ ಒದೆಯುತ್ತಾನೆ, ಯಾರಾದರೂ ಎದ್ದು ಹೊದಿಸಬೇಕು. ಮೊಸರನ್ನ ಕಂಡರೆ ಆಗುವುದಿಲ್ಲ, ಆದರೂ ತಿನ್ನಿಸಬೇಕು.' ಇವು ಪ್ರಕ್ಷಿಪ್ತ ಎನ್ನಲು ಆಧಾರಗಳಿವೆ. ತಂದೆಗೆ ಮಗ ಹೊದಿಕೆ ಒದೆಯುವ ವಿಷಯ ತಿಳಿದಿರುವ ಸಂಭವ ಕಡಿಮೆ. ಅವನು ಬರೆಯುವಾಗ ಅಡುಗೆಮನೆಯ ಬಾಗಿಲಲ್ಲಿ ತಾಯಿಯೂ, ನಡುಮನೆಯಲ್ಲಿ ಅಜ್ಜಿಯೂ ನಿಂತು ಹೇಳಿ ಬರೆಸಿದ್ದಾರೆ. ಐಸ್‌ಕ್ರೀಮು ತಾಯಿಯ ಪಾಠ, ಮೊಸರನ್ನ ಅಜ್ಜಿಯ ಪಾಠ. ನೀರಿನ ವಾಕ್ಯ ಮಾತ್ರ ಮೂವರಿಗೂ ಸೇರಿದ್ದು. ಸೂಳೆಕೆರೆಯನ್ನು ಪಕ್ಕದಲ್ಲಿಟ್ಟುಕೊಂಡು ಬದುಕಿದ ಊರುಗಳಲ್ಲಿ ಆ ವಾಕ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ.

'ಗ' ಪ್ರತಿ ವಿದ್ವಾಂಸರನ್ನು ಬಹಳವಾಗಿ ಕಾಡಿದೆ. 'ನನ್ನ ಮಗಳು ತುಂಬಾ ಒಳೆಯವಳು. ಅವಳನ್ನು ಕಂಡಿತ ಕರೆದುಕೊಂಡು ಹೋಗಬೇಕಾಗಿ ವಿನಂತಿ. ನನಗೆ ಸಂಪೂರ್ಣ ಒಪಿಗೆ ಇದೆ.' ಕೆಳಗೆ ತಂದೆಯ ಸಹಿ, ಅದರ ಕೆಳಗೆ ಅದೇ ಸಹಿಯನ್ನು ಅಭ್ಯಾಸ ಮಾಡಿ ರಬ್ಬರಿನಿಂದ ಒರೆಸಿದ ಗುರುತು. ಇದನ್ನು ಕೂಟಪತ್ರವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಲಿಷ್ಟವಾದ ಪಾಠವೇ ಮೂಲಕ್ಕೆ ಹತ್ತಿರ ಎಂಬುದು ಸಂಪಾದನಾ ಶಾಸ್ತ್ರದ ನಿಯಮ. ಒತ್ತಕ್ಷರ ಬಿಟ್ಟ ಒಪ್ಪಿಗೆಗಿಂತ ಕ್ಲಿಷ್ಟ ಪಾಠ ಯಾವುದಿದೆ? ಅಲ್ಲದೆ, ಮೂರೂ ಪ್ರತಿಗಳಲ್ಲಿ ಹೋಗಬೇಕೆಂಬ ನಿಜವಾದ ಇಚ್ಛೆ ಕಾಣುವುದು ಇದೊಂದರಲ್ಲೇ.

ಎರಡನೆಯ ಅಧಿಕರಣ ಗಂಟುಮೂಟೆಯದು. ಶಾಲೆಯ ಪಟ್ಟಿ ಸೂತ್ರಪ್ರಾಯವಾಗಿ ಚಿಕ್ಕದು: ಒಂದು ಜೊತೆ ಬಟ್ಟೆ, ತಟ್ಟೆ, ಲೋಟ, ಹೊದಿಕೆ, ಬ್ಯಾಟ್ರಿ. ಮನೆಯವರ ಭಾಷ್ಯ ದೊಡ್ಡದು. 'ಒಂದು ಜೊತೆ' ಎಂದರೆ ಒದ್ದೆಯಾದರೆ ಒಂದು, ಕೊಳೆಯಾದರೆ ಒಂದು, ಫೋಟೊಕ್ಕೆ ಒಂದು ಎಂದು ತಾಯಂದಿರ ಪಂಥ ಅರ್ಥೈಸುತ್ತದೆ. ಅಜ್ಜಿಯರ ಪಂಥ ಬಟ್ಟೆಯ ವಿಷಯದಲ್ಲಿ ಉದಾರಿ. ಅವರ ಆಗ್ರಹವೆಲ್ಲ ಕುಲಾವಿ, ಕೊಬ್ಬರಿ ಎಣ್ಣೆ, ಕಾಗದದಲ್ಲಿ ಕಟ್ಟಿದ ವಿಭೂತಿಗೆ ಸೀಮಿತ. ಬುತ್ತಿಯ ವಿಷಯದಲ್ಲಿ ಮಾತ್ರ ಎರಡೂ ಪಂಥ ಒಂದಾಗಿ ಶಾಲೆಯ ವಿರುದ್ಧ ನಿಲ್ಲುತ್ತವೆ. 'ಊಟದ ವ್ಯವಸ್ಥೆ ಇರುತ್ತದೆ' ಎಂಬ ವಾಕ್ಯವನ್ನು ಈ ಸೀಮೆಯ ಯಾವ ತಾಯಿಯೂ ಅಕ್ಷರಶಃ ನಂಬಿದ ನಿದರ್ಶನವಿಲ್ಲ. ಕಟಿ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಎಳ್ಳುಂಡೆ, ಇವೆಲ್ಲದರ ಸಂದಿಗೆ ತುರುಕಿದ ಮಂಡಕ್ಕಿ. ದಾವಣಗೆರೆ ಜಿಲ್ಲೆ ಲೋಕದ ಶಿಬಿರಶಾಸ್ತ್ರಕ್ಕೆ ಕೊಡಬಹುದಾದ ಕಾಣಿಕೆ ಮಂಡಕ್ಕಿಯೇ ಎಂದು ನನ್ನ ನಿಲುವು. ತೂಕವಿಲ್ಲ, ಬೇಯಿಸಬೇಕಿಲ್ಲ, ಹಳಸುವುದಿಲ್ಲ, ಚೀಲದಲ್ಲಿ ತಲೆಯಡಿ ಇಟ್ಟರೆ ದಿಂಬು. ಬೇಡನ್ ಪೊವೆಲ್‌ಗೆ ಇದು ಗೊತ್ತಿರಲಿಲ್ಲ.

ಅಭ್ಯಾಸಪ್ರಕರಣವನ್ನು ಶಾಲೆಯ ಮೈದಾನದಲ್ಲಿ ವಾರವಿಡೀ ನಡೆಸುತ್ತಾರೆ. ಕಬ್‌ಗಳ ಆಚಾರವೆಲ್ಲ ಕಿಪ್ಲಿಂಗನ 1894ರ ಜಂಗಲ್ ಬುಕ್‌ನಿಂದ ಬಂದದ್ದು. ನಾಯಕನಿಗೆ ಅಕೇಲಾ ಎಂದು ಹೆಸರು. ಎಲ್ಲರೂ ದುಂಡಗೆ ಕುಕ್ಕರುಗಾಲಿನಲ್ಲಿ ಕೂತು ತೋಳಗಳ ಹಾಗೆ ಊಳಿಟ್ಟು ಅವನಿಗೆ ಗೌರವ ಸಲ್ಲಿಸಬೇಕು. ಮೊದಲ ಊಳಿಗೇ ಊರಿನ ನಾಯಿಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಎಸ್‌ಡಿಎಂಸಿ ಸದಸ್ಯರೊಬ್ಬರು ಬೈಕಿನಲ್ಲಿ ಬಂದು ಏನಾಯಿತೆಂದು ವಿಚಾರಿಸುತ್ತಾರೆ. ಈ ವಿಧಿಗೆ ಶಾಸ್ತ್ರೀಯ ಆಕ್ಷೇಪ ಎತ್ತಿದವನು ಕುರಿಗಾರರ ಮನೆಯ ನಾಲ್ಕನೇ ಕ್ಲಾಸಿನ ಹುಡುಗ: 'ತೋಳ ಬರುವಾಗ ಕೂಗದಿಲ್ಲ ಸಾ. ಸುಮ್ಕೆ ಬರುತ್ತೆ, ಮರಿ ಎತ್ತುತ್ತೆ, ಸುಮ್ಕೆ ಹೋಗುತ್ತೆ.' ಈ ಆಕ್ಷೇಪಕ್ಕೆ ಕಿಪ್ಲಿಂಗನಲ್ಲಿ ಉತ್ತರವಿಲ್ಲದ ಕಾರಣ ಹುಡುಗನನ್ನು ಹಿಂದಿನ ಸಾಲಿಗೆ ಕಳಿಸಿದರು.

ಗಂಟು ಕಟ್ಟುವ ಪಾಠದಲ್ಲೂ ಇದೇ ಕಥೆ. ತರಬೇತುದಾರರು ರೀಫ್ ಗಂಟು, ಕ್ಲೋವ್ ಹಿಚ್ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವಷ್ಟರಲ್ಲಿ ಹುಡುಗಿಯೊಬ್ಬಳು ಡೇರೆಯ ಹಗ್ಗವನ್ನು ಗೂಟಕ್ಕೆ ಜೀರುಗುಣಿಕೆ ಹಾಕಿ ಎಳೆದಾಗಿತ್ತು. ಎಲ್ಲಿ ಕಲಿತೆ ಎಂದರೆ 'ಕರ ಕಟ್ಟೋದು ಹಿಂಗೇ ಅಲ್ವ ಮಿಸ್' ಎಂದಳು. ಆ ಗಂಟಿಗೆ ಬ್ಯಾಡ್ಜಿಲ್ಲ.

ಇನ್ನು 'ಒಂದಕ್ಕೆ' ಪ್ರಕರಣ. ಶಿಬಿರಶಾಸ್ತ್ರದ ಉಳಿದ ಭಾಗಗಳೆಲ್ಲ ಇದರ ಪರಿಶಿಷ್ಟವೆಂದರೂ ತಪ್ಪಿಲ್ಲ. ಹಗಲು ಕ್ಲಾಸಿನಲ್ಲಿ ಕಿರುಬೆರಳೆತ್ತಿದರೆ ಮುಗಿಯುವ ವ್ಯವಹಾರ ರಾತ್ರಿ ಎರಡು ಗಂಟೆಗೆ ಡೇರೆಯಲ್ಲಿ ಮಹಾಸಮಸ್ಯೆಯಾಗುತ್ತದೆ, ಏಕೆಂದರೆ ಕತ್ತಲಲ್ಲಿ ಬೆರಳು ಯಾರಿಗೂ ಕಾಣದು. ಶಿಬಿರದ ನಿಯಮದ ಪ್ರಕಾರ ಒಬ್ಬ ಹೋಗುವಾಗ ಜೊತೆಗಾರನನ್ನು ಎಬ್ಬಿಸಬೇಕು. ನಿಯಮ ಮಾಡಿದವರು ಜೊತೆಗಾರನ ಸ್ವಭಾವವನ್ನು ಅರಿತಿರಲಿಲ್ಲ. ಎಬ್ಬಿಸಿದ ಜೊತೆಗಾರನಿಗೂ ಬರುತ್ತದೆ. ಇಬ್ಬರು ಹೋದರೆ ದೆವ್ವ ಒಬ್ಬನನ್ನಾದರೂ ಹಿಡಿಯುತ್ತದೆ ಎಂದು ಮೂರನೆಯವನನ್ನು ಎಬ್ಬಿಸುತ್ತಾರೆ. ಮೂರು ಕೆಟ್ಟ ಸಂಖ್ಯೆಯಾದ್ದರಿಂದ ನಾಲ್ಕನೆಯವನು. ಹೀಗೆ ಇಡೀ ಡೇರೆ ಏಳುತ್ತದೆ. ಒಳಗೆ ಒಬ್ಬನೇ ಉಳಿಯಲು ಹೆದರಿ, ಬರದವನೂ ಏಳುತ್ತಾನೆ. ಅಷ್ಟೂ ಬ್ಯಾಟ್ರಿಗಳು ಒಟ್ಟಿಗೆ ಬೇಲಿಯತ್ತ ಸಾಲಾಗಿ ಹೋಗುವುದನ್ನು ಕಂಡ ಪಕ್ಕದ ಹೊಲದವರು ಇದನ್ನು ಬೇರೆ ರೀತಿ ವ್ಯಾಖ್ಯಾನಿಸಿ, ಮರುದಿನ ಊರಲ್ಲಿ ಕೊಳ್ಳಿದೆವ್ವದ ಸುದ್ದಿ ಹಬ್ಬುತ್ತದೆ. ಸಂಜೆ ಏಳರ ಮೇಲೆ ನೀರು ಕೊಡಬಾರದೆಂಬ ಪಕ್ಷವೊಂದಿದೆ. ಅದು ಸಲ್ಲ. ಆಗ ಮಕ್ಕಳು ಬಾಯಾರಿ ಏಳುತ್ತಾರೆ, ಎದ್ದ ಮೇಲೆ ಹೇಗೂ ಒಂದಕ್ಕೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವನ್ನು ಎದುರಿಸದೆ ಗತ್ಯಂತರವಿಲ್ಲ. ಅದನ್ನು ಮಂಡಿಸಿದವರು ಚಹಾದಂಗಡಿಯ ಕಟ್ಟೆಯ ಮೇಲಿನ ಹಿರಿಯರು. 'ಅಡಿಕೆ ಕಣದಾಗೆ ಮಲಗೋ ಹುಡುಗ್ರಿಗೆ ಹೊರಗೆ ಮಲಗೋದು ಹೆಂಗೆ ಅಂತ ಕಲಿಸ್ತಾರಂತೆ ಮೇಷ್ಟ್ರು.'

ಈ ಪಕ್ಷ ದುರ್ಬಲವೇನಲ್ಲ. ಅಡಿಕೆ ಕೊಯ್ಲು ಶುರುವಾದರೆ ಈ ಸೀಮೆಯ ಮನೆಗಳ ರಾತ್ರಿಯೆಲ್ಲ ಹೊರಗೇ. ಸುಲಿದು, ಬೇಯಿಸಿ, ಚೊಗರು ಹಿಡಿಸಿದ ಅಡಿಕೆಯನ್ನು ಒಣಹಾಕಿದ ಮೇಲೆ ಮಳೆಯನ್ನೂ ಕಳ್ಳರನ್ನೂ ಕಾಯಬೇಕು. ಅಪ್ಪ ಮಂಚದ ಮೇಲೆ, ಮಗ ಕಂಬಳಿಯಲ್ಲಿ, ನಾಯಿ ಇಬ್ಬರ ಕಾಲ ಬಳಿ. ಎರಡು ಹನಿ ಬಿದ್ದರೆ ಮೊದಲು ಏಳುವವನು ಮಗ. ಅಪ್ಪ ಕಣ್ಣು ಬಿಡುವಷ್ಟರಲ್ಲಿ ತಾಡಪಾಲಿನ ಒಂದು ಮೂಲೆ ಅವನ ಕೈಯಲ್ಲಿರುತ್ತದೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ತೋಟಕ್ಕೆ ಹೋಗಿ ಮೋಟ್ರು ಹಾಕುವಾಗ ಬ್ಯಾಟ್ರಿ ಹಿಡಿಯುವವನೂ ಅವನೇ. ಹಾವು ದಾಟಿದ ಜಾಡು, ಚಿರತೆಯ ಹೆಜ್ಜೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಸಾಲಿಗೆ ನೀರು, ಎಲ್ಲ ಗೊತ್ತು. ಒಂದಕ್ಕೆ ಹೋಗಲು ಅಲ್ಲಿ ಅವನು ಯಾರನ್ನೂ ಎಬ್ಬಿಸುವುದಿಲ್ಲ. ಡೇರೆಯಲ್ಲಿ ಹನ್ನೊಂದು ಜನರನ್ನು ಎಬ್ಬಿಸುವವನೂ ಇವನೇ ಎಂಬುದು ಮನಶ್ಶಾಸ್ತ್ರಜ್ಞರು ಬಿಡಿಸಬೇಕಾದ ಒಗಟು.

ಹಾಗಾದರೆ ಸಿದ್ಧತೆ ವ್ಯರ್ಥವೇ? ಅಲ್ಲ. ಸಿದ್ಧಾಂತಿಯ ಉತ್ತರ ಹೀಗಿದೆ. 'ರಾತ್ರಿ ಮನೆಯ ಹೊರಗೆ ಮಲಗುವುದೇ ಸಾಹಸ' ಎಂದು ಲಕ್ಷಣ ಹೇಳಿದರೆ ಅದು ಅಡಿಕೆ ಕಣಕ್ಕೂ, ಜಾತ್ರೆಯ ಗಾಡಿಗೂ, ರಾತ್ರಿ ಪಾಳಿಯ ಮೋಟ್ರಿಗೂ ಹೋಗಿ ತಗಲುತ್ತದೆ. ತಾರ್ಕಿಕರು ಇದನ್ನು ಅತಿವ್ಯಾಪ್ತಿ ದೋಷವೆನ್ನುತ್ತಾರೆ. 'ಅಪಾಯವಿರುವಲ್ಲಿ ಮಲಗುವುದು' ಎಂದರೆ ಶಿಬಿರಕ್ಕೇ ತಗಲುವುದಿಲ್ಲ, ಅಲ್ಲಿ ಅಪಾಯ ಇರಕೂಡದೆಂದು ಸುತ್ತೋಲೆಯೇ ಇದೆ. ಅದು ಅಸಂಭವ ದೋಷ. ಬ್ಯಾನರು, ಸೀಟಿ, ಗುಂಪು ಫೋಟೊ, ಪ್ರಮಾಣಪತ್ರ ಎಂದು ಒಂದೊಂದನ್ನೇ ಸೇರಿಸಿ ನೋಡಿದರೆ ಬ್ಯಾನರಿಲ್ಲದ ಬಡ ಶಾಲೆಗಳ ಶಿಬಿರ ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ಎಲ್ಲ ದೋಷಗಳನ್ನೂ ಕಳೆದ ಮೇಲೆ ಉಳಿಯುವ ನಿರ್ದುಷ್ಟ ಲಕ್ಷಣ ಇದೊಂದೇ: ಒಪ್ಪಿಗೆ ಪತ್ರಪೂರ್ವಕವಾದ ಹೊರನಿದ್ರೆಯೇ ಸಾಹಸ. ಪತ್ರವಿಲ್ಲದ್ದು ಮನೆಗೆಲಸ.

ಈ ಸಿದ್ಧಾಂತದಿಂದ ಪ್ರಾಯೋಗಿಕ ಲಾಭವೂ ಇದೆ. ಪೂರ್ವಸಿದ್ಧತೆ ಯಾರಿಗೆ ಬೇಕೆಂಬುದು ಸ್ಪಷ್ಟವಾಗುತ್ತದೆ. ಶನಿವಾರ ರಾತ್ರಿ ಶಿಬಿರದ ಮೇಷ್ಟ್ರ ಮೊಬೈಲಿಗೆ ಬರುವ ಕರೆಗಳನ್ನು ಗಮನಿಸಿದರೆ ಸಾಕು. ಅಡಿಕೆ ಕಣಕ್ಕೆ ಮಗನನ್ನು ಕಳಿಸಿ ಬೆಳಗಿನವರೆಗೆ ನಿದ್ದೆ ಮಾಡುವ ತಾಯಿ, ಡೇರೆಗೆ ಕಳಿಸಿದ ರಾತ್ರಿ ಊಟಕ್ಕೆ ಮೊದಲೊಮ್ಮೆ, ಊಟದ ಮೇಲೊಮ್ಮೆ, ಆಮೇಲೆ ಮೊಸರನ್ನದ ಬಗ್ಗೆ ಪ್ರತ್ಯೇಕವಾಗಿ ಒಮ್ಮೆ ಫೋನು ಮಾಡುತ್ತಾಳೆ. ಮೈದಾನದ ಊಳಿಡುವ ಅಭ್ಯಾಸಕ್ಕೆ ಪೋಷಕರನ್ನೂ ಕರೆಸಬೇಕೆಂದು ಇದಕ್ಕಾಗಿಯೇ ಶಿಫಾರಸು ಮಾಡುತ್ತೇನೆ.

ಉಳಿದದ್ದು ಪ್ರತ್ಯಾಗಮನ ಪ್ರಕರಣ. ಭಾನುವಾರ ಸಂಜೆ ಗಾಡಿ ಬಂತು. ತಲೆಗಳ ಲೆಕ್ಕ ಸರಿಹೋಯಿತು, ಕುಲಾವಿಗಳ ಲೆಕ್ಕ ಹೋಗಲಿಲ್ಲ. ಐದನೇ ಕ್ಲಾಸಿನ ಸಾಹಸಿಯೊಬ್ಬ ಪ್ರಮಾಣಪತ್ರವನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ಇಳಿದ. ಅಪ್ಪ ಬೈಕಿನ ಮೇಲೆ ಕಾಯುತ್ತಿದ್ದ. ಮಗನ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸುತ್ತ, 'ಬ್ಯಾಟ್ರಿ ಸೆಲ್ಲು ಉಳಿದಾವೇನೋ? ಇವತ್ತು ಹನ್ನೊಂದಕ್ಕೆ ತ್ರೀ ಫೇಸ್ ಕೊಡ್ತಾರಂತೆ, ಉಂಡು ತೋಟಕ್ಕೆ ಹೋಗೋಣ' ಎಂದ.

ಈ ಪ್ರಯಾಣಕ್ಕೆ ಸಂಬಂಧಿಸಿದ ಒಪ್ಪಿಗೆ ಪತ್ರದ ಯಾವ ಪ್ರತಿಯೂ ಈವರೆಗೆ ದೊರೆತಿಲ್ಲ.