ಗಾಳಿ ಬಂದ್, ಸೀನು ಬಂದ್

ನಮ್ಮ ಮನೆಯಲ್ಲಿ ಫ್ಯಾನ್ ನಿಂತಿದ್ದರೆ ಹುಣಸೂರಿನಲ್ಲಿ ಕರೆಂಟ್ ಹೋಗಿದೆ ಎಂದಲ್ಲ, ಯಜಮಾನರು (ಅಂದರೆ ನಾನು) ಸರ್ಕ್ಯೂಟ್ ಬೋರ್ಡ್ ಮುಂದೆ ಕುಳಿತಿದ್ದಾರೆ ಎಂದರ್ಥ. ಹಿಂದೆ ರೆಸಿಸ್ಟರ್‌ಗಳಿಗೆ ಕಾಲಿದ್ದವು. ತೂತಿಗೆ ತೂರಿಸಿ ಸೋಲ್ಡರ್ ಇಟ್ಟರೆ ಮುಗಿಯಿತು. ಈಗಿನ ಎಸ್‌ಎಂಡಿಗಳು ಕಾಲಿಲ್ಲದೆ ಬೋರ್ಡಿನ ಮೇಲೇ ಕೂರುವಂಥವು. 0603 ಎಂಬ ಅಳತೆಯದು 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ಚಾಳೀಸು ಬಂದ ಕಣ್ಣಿಗೆ ಅದು ಧೂಳು; ಫ್ಯಾನಿಗೂ ಧೂಳೇ. ಹೀಗಾಗಿ ಏಪ್ರಿಲ್ ಸೆಕೆಯಲ್ಲೂ ಮನೆಮಂದಿಗೆಲ್ಲ ಗಾಳಿ ಬಂದ್, ಸೀನು ಬಂದ್, ಪೊರಕೆ ಬಂದ್.

ರೆಸಿಸ್ಟರ್ ಮೈಮೇಲೆ 103 ಎಂದಾದರೂ ಬರೆದಿರುತ್ತದೆ: ಹತ್ತರ ಮುಂದೆ ಮೂರು ಸೊನ್ನೆ, ಅಂದರೆ 10 ಕಿಲೋ ಓಮ್. ಕೆಪಾಸಿಟರ್ ಮೈ ಬೋಳು. ಬೆರೆತುಹೋದರೆ ದೇವರೇ ಗತಿ. ಮಾಲೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯದು, ಚಿಮಟ ಮಾತ್ರ ಮನೆಯದು. "ರೀ, ಹುಬ್ಬು ತೀಡೋ ಚಿಮಟ ಎಲ್ರೀ?" ಎಂದು ಒಳಗಿನಿಂದ ಕೇಳಿದರೂ ನಾನು ಮೌನಿ. ಬಾಯಿ ತೆರೆದರೆ ರೆಸಿಸ್ಟರ್ ಹಾರುತ್ತದೆ. ಇದು ಶುದ್ಧ ತಾಂತ್ರಿಕ ಕಾರಣ.

ಮಾಡಹೊರಟದ್ದು ಪಿರಿಯಾಪಟ್ಟಣದ ಮಾವನವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ, ಶಾಖ ಮೀರಿದರೆ ಕೂಗುವ ಯಂತ್ರ. ಬೋರ್ಡಿಗೆ ಸೋಲ್ಡರ್ ಪೇಸ್ಟ್ ಬಳಿದು, ಬಿಡಿಭಾಗ ಕೂರಿಸಿ, ದೋಸೆ ಕಾವಲಿಯ ಮೇಲಿಟ್ಟು ಉರಿ ದೊಡ್ಡದು ಮಾಡಿದೆ. ತವರ-ಸೀಸದ ಪೇಸ್ಟ್ 183 ಡಿಗ್ರಿಗೆ ಕರಗುತ್ತದೆ. ಕರಗಿದ ಲೋಹದ ಸೆಳೆತಕ್ಕೆ, ಸೊಟ್ಟಗಿಟ್ಟದ್ದೂ ತಾನೇ ನೆಟ್ಟಗಾಗುತ್ತದೆ. ನನ್ನಂಥವರ ಮೇಲೆ ಪ್ರಕೃತಿಗಿರುವ ಕರುಣೆ ಅದು. ಆದರೆ ಒಂದು ತುದಿ ಮೊದಲು ಕರಗಿತೋ, ಇನ್ನೊಂದನ್ನು ಮೇಲಕ್ಕೆತ್ತಿ ನಿಲ್ಲಿಸಿಬಿಡುತ್ತದೆ. ನನ್ನ ಬೋರ್ಡಿನ ತುಂಬ ವೀರಗಲ್ಲುಗಳು.

ಮಾವ ಬಗ್ಗಿ ನೋಡಿದರು. "ಒಂದೇ ಏಟ್ಗೆ ಉರಿ ಕೊಟ್ರಾ ಅಳಿಯಂದ್ರೆ? ಎಲೆ ಹಳದಿ ತಿರುಗೋಕ್ ಮುಂಚೆ ಹಂಗ್ ಮಾಡಿದ್ರೆ ಹಸುರ್ಗೇ ಒಣಗೋಯ್ತದೆ. ನಿಧಾನಕ್ ಏರಿಸ್ಬೇಕು."

ಪೇಸ್ಟಿನ ಜೊತೆ ಬಂದ ಕಾಗದ ಹೇಳಿದ್ದೂ ಅದನ್ನೇ: ನಿಧಾನ ಏರಿಸಿ, 150ರ ಆಸುಪಾಸು ತುಸು ತಡೆದು, ಆಮೇಲೆ ಕರಗಿಸಿ. ಅಕ್ಷರ ಸಣ್ಣದಿತ್ತು, ಓದಿರಲಿಲ್ಲ. ಮುಂದಿನ ಬೋರ್ಡಿಗೆ ಸ್ಟವ್‌ನ ತಿರುಗಣೆ ಮಾವನವರ ಕೈಗೆ ಹೋಯಿತು. ಎಲ್ಲವೂ ತೆಪ್ಪಗೆ ಮಲಗಿದವು. ಶಾಖ ಮೀರಿದರೆ ಕೂಗುವ ಯಂತ್ರ ಅಸಲಿಗೆ ಬೇಕಿದ್ದುದು ಯಾರಿಗೆ ಎಂಬ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ.

ಸೀಸ ಸೋಕಿದ ಕಾವಲಿಯಲ್ಲಿ ದೋಸೆ ಹುಯ್ಯುವಂತಿಲ್ಲ. ಅದು ಗೊತ್ತಾದದ್ದೇ ತಡ, ಹೊಸ ಕಾವಲಿ, ಹೊಸ ಚಿಮಟ, ನಂಟೇ ಇಲ್ಲದ ಒಂದು ಮಿಕ್ಸಿ ಮನೆಗೆ ಬಂದವು. ನೀವೂ ಈ ಹವ್ಯಾಸಕ್ಕೆ ಇಳಿಯುವುದಾದರೆ 2 ಮಿ.ಮೀ. ಉದ್ದದ 0805ರಿಂದ ಶುರುಮಾಡಿ, ಕಿಟಕಿ ತೆರೆದಿಡಿ, ಕೈ ತೊಳೆದು ಊಟಕ್ಕೆ ಕೂರಿ. ಕಾವಲಿಯನ್ನಂತೂ ಮೊದಲೇ ಬೇರೆ ಕೊಂಡುಬಿಡಿ; ಮಿಕ್ಸಿಯ ಖರ್ಚಾದರೂ ಉಳಿಯುತ್ತದೆ.